ಇಂಗ್ಲಿಷಿನ ಮೂಕಾಕ್ಷರಗಳು

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿ, ವಯಸ್ಸು ಬಂದ ಮೇಲೆ ಇಂಗ್ಲಿಷನ್ನು ಕಲಿಯತೊಡಗುವವರಿಗೆ ಮೊದಲು ಬೇಸರವನ್ನುಂಟುಮಾಡುವುದು ಆ ಭಾಷೆಯ ಬರವಣಿಗೆ. ‘ತಿಳಿ’ ಎಂಬರ್ಥದ ‘ನೋ’ ಶಬ್ದದ ಆದಿಯಲ್ಲಿ ‘ಕೆ’ ಎಂಬ ಅಕ್ಷರವನ್ನು ಬರೆಯತಕ್ಕದ್ದು, ಉಚ್ಚರಿಸಕೂಡದು. ನಮ್ಮ ವ್ಯಾಕರಣದಲ್ಲಿ ಲೋಪಹೊಂದಿದ ವರ್ಣವು ಕಾಣಿಸದು. ಇಲ್ಲಿಯಾದರೋ ಕಾಣಿಸಿಯೂ ಕೇಳಿಸದು. ಇದು ಬರಿಯ ಅವ್ಯವಸ್ಥೆಯೆಂದು ನಾನೂ ಬಹುಕಾಲ ನಂಬಿದ್ದೆನು.

ಆ ಕಕಾರವು ಹಿಂದೆ ಉಚ್ಚರಿತವಾಗುತ್ತಿದ್ದಿತು. ಕ್ರಿ. ಶ. 5ನೆಯ ಶತಮಾನದಲ್ಲಿ ಬ್ರಿಟನ್ನಿಗೆ ಬಂದು ನೆಲಸಿದ ಆಂಗ್ಲ, ಸ್ಯಾಕ್ಸನ್ ಮೊದಲಾದ ಜರ್ಮಾನಿಕ್ ಜನರ ಭಾಷೆಯೇ ಇಂಗ್ಲಿಷಿನ ಮೂಲ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ‘ಕ್ನಾವನ್’. 1476ರಲ್ಲಿ ಕ್ಯಾಕ್ಸ್‌ಟನ್ನನು ಇಂಗ್ಲೆಂಡಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದಾಗಲೂ ಕಕಾರವು ಬಾಯಲ್ಲಿ ಉಳಿದಿದ್ದಿತು. ಅಚ್ಚಿನಿಂದ ಬರಹವು ಕ್ರಮೇಣ ಸ್ಥಿರಪಟ್ಟಿತು, ನಾಲಗೆಯು ನಿಲ್ಲಲಿಲ್ಲ. ಮೊಣಕಾಲನ್ನು ಇಂಗ್ಲಿಷರು ಈಗ ‘ನೀ’ ಎನ್ನುವರು, ಆದರೆ ಬರೆಯುವಾಗ ‘ಕೆ’ಯನ್ನು ಬಿಡರು, ಜರ್ಮನರು ಇಂದಿಗೂ ‘ಕ್ನೀ’ ಎಂದೇ ಉಚ್ಚರಿಸುವರು.

ಈಗ ‘ಕ್ನಾ’ ಎಂಬುದರ ಪಕ್ಕದಲ್ಲಿ ನಮ್ಮ ‘ಜ್ಞಾ’ ಧಾತುವನ್ನೂ, ‘ಕ್ನೀ’ ಎಂಬುದರ ಪಕ್ಕದಲ್ಲಿ ‘ಜಾನು’ ಶಬ್ದವನ್ನೂ ಇಟ್ಟು ನೋಡಿರಿ. ಎರಡೆಂಬರ್ಥದ ‘ಟೂ’ ಶಬ್ದದಲ್ಲಿ ಮೂಕವಾಗಿರುವ ‘ಡಬ್ಲ್ಯು’ ಎಂಬುದು ‘ದ್ವಿ’ಯ ವಕಾರವೇ. ರಾತ್ರಿವಾಚಕವಾದ ‘ನೈಟ್’ ಶಬ್ದದೊಳಗಿನ ‘ಜಿ’, ‘ಎಚ್’ಗಳು ‘ನಕ್ತ’ದ ಕಕಾರದ ಸ್ಥಾನದಲ್ಲಿವೆ. ಮೂಲದ ದಕಾರಕ್ಕೆ ಟಕಾರವೂ, ಗಕಾರಕ್ಕೆ ಕಕಾರವೂ, ಕಕಾರಕ್ಕೆ ಹಕಾರವೂ ಜರ್ಮಾನಿಕ್ ಭಾಷೆಗಳಲ್ಲಿ ನಿಯಮದಿಂದ ಬರುವುವೆಂಬುದನ್ನು ಯಾಕೋಬ್ ಗ್ರಿಮ್ ಎಂಬ ಜರ್ಮನ್ ವಿದ್ವಾಂಸನು 1822ರಲ್ಲಿ ವಿಶದಪಡಿಸಿದನು.

ಇಷ್ಟನ್ನು ಕೇಳಿದೊಡನೆ ನಮ್ಮ ಪಂಡಿತರಲ್ಲಿ ಕೆಲವರು ಸಂಸ್ಕೃತವೇ ಇಂಗ್ಲಿಷಿನ ಜನನಿಯೆಂದು ಹಿಗ್ಗುವುದುಂಟು. ಅದು ಸಲ್ಲದು. ಮೊಣಕಾಲಿಗೆ ಲ್ಯಾಟಿನ್ನಿನಲ್ಲಿ ‘ಗೆನು’, ಗ್ರೀಕಿನಲ್ಲಿ ‘ಗೊನು’. ಅಲ್ಲಿ ಉಳಿದ ಮೂಲದ ಗಕಾರವನ್ನು ಜಕಾರವಾಗಿ ಮಾರ್ಪಡಿಸಿದುದು ಸಂಸ್ಕೃತವೇ. ಈ ಶಬ್ದದಲ್ಲಿ ನಾವೂ ವಿಕೃತಿ, ಅವರೂ ವಿಕೃತಿ, ಪ್ರಕೃತಿಯು ಬೇರೆ. 1786ರಲ್ಲಿ ಕಲ್ಕತ್ತೆಯಲ್ಲಿ ಉಪನ್ಯಾಸಮಾಡಿದ ವಿಲಿಯಂ ಜೋನ್ಸನೂ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದು ಸಮಾನಮೂಲವನ್ನು ಊಹಿಸಿದನೇ ಹೊರತು, ಒಂದನ್ನು ಮತ್ತೊಂದರ ತಾಯಿಯೆನ್ನಲಿಲ್ಲ. ಕನ್ನಡದ ಅರಿ, ಇರುಳು, ಎರಡುಗಳಿಗಂತೂ ಈ ಬಳಗದಲ್ಲಿ ಸ್ಥಾನವಿಲ್ಲ. ಅವು ದ್ರಾವಿಡ ಶಬ್ದಗಳು.

ಆದುದರಿಂದ ಪಾಠಶಾಲೆಯ ವಿದ್ಯಾರ್ಥಿಗೆ ಇಂತಹ ಶಬ್ದಗಳನ್ನು ಅವುಗಳ ಸಂಸ್ಕೃತಸೋದರಗಳೊಡನೆ ಜೊತೆಜೊತೆಯಾಗಿ ಕಲಿಸುವುದು ಲೇಸೆಂದು ನನ್ನ ಮತ. ‘ಜ್ಞಾ’ ಧಾತುವನ್ನು ಬಲ್ಲವನು ಆ ‘ಕೆ’ಯನ್ನು ಬರೆಯಲು ಮರೆಯಲಾರನು. ಮಾತನಾಡುವುದು ಮಾತ್ರ ಇದರಿಂದ ಬಾರದು. ಅದಕ್ಕೆ ಕಿವಿಯೇ ಗುರು. ಮೂಕಾಕ್ಷರವೆಲ್ಲವೂ ಪುರಾತನವೆಂದೂ ತಿಳಿಯಬಾರದು. ದ್ವೀಪವಾಚಕವಾದ ‘ಐಲೆಂಡ್’ ಶಬ್ದದಲ್ಲಿ ‘ಎಸ್’ ಎಂಬುದು ಎಂದೂ ಉಚ್ಚರಿತವಾದುದಲ್ಲ. ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದ ಬೇರೊಂದು ದ್ವೀಪಶಬ್ದದ ಭ್ರಾಂತಿಯಿಂದ ಅಲ್ಲಿಯ ಲೇಖಕರೇ ಅದನ್ನು ತುರುಕಿದರು. ಅಂಥದನ್ನು ಬಾಯಿಪಾಠ ಮಾಡುವುದಲ್ಲದೆ ಗತ್ಯಂತರವಿಲ್ಲ.