ಮಳೆಗಾಲಕ್ಕೆ ಮುನ್ನವೇ ಸಜ್ಜಾಗಬೇಕಾದ ಮನೆ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ವಿಪತ್ತು ಬರುವ ದಾರಿ ಮತ್ತು ಬರುವ ಕಾಲ ಎರಡೂ ಬಹುಮಟ್ಟಿಗೆ ಗೊತ್ತಿರುವಂಥವು. ಪಶ್ಚಿಮ ಘಟ್ಟದ ಸಾಲು ಇಲ್ಲಿ ಕಡಲಿಗೆ ತೀರ ಸಮೀಪವಾಗಿರುವುದರಿಂದ, ಕೊಲ್ಲೂರಿನ ಮೇಲ್ಭಾಗದಲ್ಲಿ 1,343 ಮೀಟರ್ ಎತ್ತರಕ್ಕೆ ನಿಂತಿರುವ ಕೊಡಚಾದ್ರಿಯ ಆಸುಪಾಸಿನಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಸೌಪರ್ಣಿಕೆಯ ಮೂಲಕ ಕೆಳಗಿನ ಬೈಲುಗಳಿಗೆ ಇಳಿಯುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ; ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಭರತದ ಹೊತ್ತಿನಲ್ಲಿ ಕಡಲು ಉಬ್ಬಿ ನಿಂತಿದ್ದರೆ, ಘಟ್ಟದಿಂದ ಬಂದ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಅದು ಹಿಂದಕ್ಕೆ ಒತ್ತಿ ನಾವುಂದ, ಸಾಲ್ಬುಡ, ಬಡಾಕೆರೆಯಂತಹ ತಗ್ಗಿನ ಊರುಗಳನ್ನೂ ಹೊಳೆಯ ನಡುವಿನ ಕುದ್ರುಗಳನ್ನೂ ಮುತ್ತುತ್ತದೆ. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಜಿಲ್ಲೆಯಲ್ಲಿ ನೆರೆಯ ಲೆಕ್ಕಾಚಾರಕ್ಕೆ ಮಳೆಯ ಪ್ರಮಾಣವೊಂದೇ ಸಾಲದು, ಭರತದ ವೇಳೆಯೂ ಬೇಕು. ಹೊಳೆದಂಡೆಯ ಮನೆಯವರು ಪಂಚಾಂಗವನ್ನೂ ಹವಾಮಾನ ವರದಿಯನ್ನೂ ಒಟ್ಟಿಗೆ ನೋಡುವುದು ಆದ್ದರಿಂದಲೇ ಅರ್ಥಪೂರ್ಣ.

ಈ ಸೀಮೆಯ ಹಳೆಯ ಮನೆಗಳಿಗೆ ಮಳೆಗಾಲದ ತಯಾರಿ ಎಂಬುದು ಬೇಸಿಗೆಯ ದಿನಚರಿಯ ಭಾಗವೇ ಆಗಿತ್ತು. ಮಾಡಿನ ಹಂಚು ತೆಗೆದು ಮತ್ತೆ ಹೊದಿಸುವುದು, ಮಣ್ಣಿನ ಗೋಡೆಗೆ ಇರಿಚಲು ಬಡಿಯದಂತೆ ಮಡಲಿನ ತಟ್ಟಿ ಕಟ್ಟುವುದು, ಒಣ ಸೌದೆಯನ್ನು ಹಟ್ಟಿಯ ಪಕ್ಕದಲ್ಲಿ ಪೇರಿಸುವುದು, ಅಕ್ಕಿ, ಹುರುಳಿ, ಒಣಮೀನು, ಹಪ್ಪಳ, ಉಪ್ಪಿನಕಾಯಿಗಳನ್ನು ಅಟ್ಟಕ್ಕೆ ಏರಿಸುವುದು, ತೋಡಿನ ಹೂಳು ತೆಗೆಯುವುದು ಇವೆಲ್ಲ ಆ ಕಾಲದ ವಿಪತ್ತು ನಿರ್ವಹಣೆಯೇ. ಆ ತಯಾರಿಯ ಹಿಂದೆ ಹತ್ತಾರು ಕೈಗಳಿದ್ದವು. ಇಂದು ಮನೆಗಳು ತಾರಸಿಯವಾಗಿವೆ, ಗೋಡೆಗಳು ಗಟ್ಟಿಯಾಗಿವೆ, ಆದರೆ ದುಡಿಯುವ ವಯಸ್ಸಿನ ಮಕ್ಕಳು ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿದ್ದು ಊರಿನ ಮನೆಯಲ್ಲಿ ವಯಸ್ಸಾದ ತಂದೆತಾಯಿಯರು ಮಾತ್ರ ಉಳಿದಿರುವ ಉದಾಹರಣೆಗಳು ಕಡಿಮೆಯಲ್ಲ. ಆದ್ದರಿಂದ ಇಂದಿನ ಸಿದ್ಧತೆಯು ಕಟ್ಟಡದ ಬಲಕ್ಕಿಂತ ಹೆಚ್ಚಾಗಿ ಆ ಮನೆಯಲ್ಲಿ ರಾತ್ರಿ ಮಲಗುವವರು ಯಾರು, ಅವರಿಗೆ ಏನು ಸಾಧ್ಯ, ಏನು ಅಸಾಧ್ಯ ಎಂಬುದರಿಂದ ಆರಂಭವಾಗಬೇಕು.

ಯಕ್ಷಗಾನ ಮೇಳಗಳು ಮೇ ತಿಂಗಳಲ್ಲಿ ತಿರುಗಾಟ ಮುಗಿಸುವುದರೊಳಗೆ ಮನೆಯ ಕೆಲಸವೂ ಮುಗಿಯಬೇಕೆಂಬ ರೂಢಿಯ ಗಡುವು ಈಗ ಸಾಕಾಗುತ್ತಿಲ್ಲ. 2021ರ ಮೇ ಮಧ್ಯದಲ್ಲಿಯೇ ತೌಕ್ತೆ ಚಂಡಮಾರುತವು ಮರವಂತೆ ಸೇರಿದಂತೆ ಕರಾವಳಿಯ ಹಲವೆಡೆ ಕಡಲ್ಕೊರೆತಕ್ಕೆ ಕಾರಣವಾಯಿತು. 2025ರಲ್ಲಿ ನೈಋತ್ಯ ಮುಂಗಾರು ವಾಡಿಕೆಯ ಜೂನ್ 1ರ ಬದಲು ಮೇ 24ರಂದೇ ಕೇರಳವನ್ನು ಮುಟ್ಟಿ, ಅದರ ಬೆನ್ನಿಗೇ ಕರ್ನಾಟಕದ ಕರಾವಳಿಯನ್ನೂ ಆವರಿಸಿತು. ಇನ್ನೊಂದು ತುದಿಯಲ್ಲಿ, ಮಳೆಗಾಲ ಮುಗಿಯುತ್ತ ಬಂತೆಂದು ಜನರು ನಿಟ್ಟುಸಿರು ಬಿಡುವ ಹೊತ್ತಿಗೆ, 2020ರ ಸೆಪ್ಟೆಂಬರ್ 19ರ ರಾತ್ರಿಯಿಂದ 20ರ ಭಾನುವಾರದವರೆಗೆ ಸುರಿದ ಮಳೆಗೆ ಸ್ವರ್ಣಾ ಮತ್ತು ಸೀತಾ ನದಿಗಳು ಉಕ್ಕಿ ಉಡುಪಿ ನಗರವೂ ಬ್ರಹ್ಮಾವರದ ತಗ್ಗು ಪ್ರದೇಶಗಳೂ ಮುಳುಗಿದವು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯನ್ನು ಕರೆಸಿ ಜನರನ್ನು ದೋಣಿಗಳಲ್ಲಿ ಸ್ಥಳಾಂತರಿಸಬೇಕಾಯಿತು. ಹೀಗಾಗಿ ಏಪ್ರಿಲ್ ಕೊನೆಗೆ ಕಟ್ಟಿಟ್ಟ ತುರ್ತು ಚೀಲವನ್ನು ಅಕ್ಟೋಬರ್ ಮುಗಿಯುವವರೆಗೂ ಬಿಚ್ಚದಿರುವುದು ಲೇಸು.

ಹವಾಮಾನ ಇಲಾಖೆ ಕೊಡುವ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಈ ಭಾಗದಲ್ಲಿ ಅನೇಕರು ಶಾಲೆಗೆ ರಜೆ ಇದೆಯೇ ಇಲ್ಲವೇ ಎಂದು ತಿಳಿಯುವುದಕ್ಕಷ್ಟೇ ನೋಡುತ್ತಾರೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ ಮಳೆ, 204.5 ಮತ್ತು ಅದಕ್ಕಿಂತ ಮೇಲ್ಪಟ್ಟದ್ದು ವಿಪರೀತ ಮಳೆ. ಹಳದಿಯೆಂದರೆ ಗಮನವಿಡಬೇಕು, ಕಿತ್ತಳೆಯೆಂದರೆ ಸಜ್ಜಾಗಬೇಕು, ಕೆಂಪೆಂದರೆ ಕ್ರಮ ಕೈಗೊಳ್ಳಬೇಕು ಎಂದು ಅರ್ಥ. ಹೊಳೆದಂಡೆಯ ಮನೆಯವರು ಇದನ್ನು ತಮ್ಮದೇ ಭಾಷೆಗೆ ಇಳಿಸಿಕೊಳ್ಳಬಹುದು: ಕಿತ್ತಳೆಯ ದಿನ ಕಾಗದಪತ್ರ ಮತ್ತು ಅಕ್ಕಿಯ ಡಬ್ಬ ಮೇಲಕ್ಕೆ ಹೋಗಬೇಕು, ಕೆಂಪಿನ ದಿನ ಕತ್ತಲಾಗುವ ಮೊದಲೇ ವೃದ್ಧರೂ ಮಕ್ಕಳೂ ಎತ್ತರದ ನೆಂಟರ ಮನೆಗೆ ಹೋಗಬೇಕು. ನೆರೆನೀರು ಅಂಗಳಕ್ಕೆ ಬಂದ ಮೇಲೆ, ಅದೂ ರಾತ್ರಿ, ಮಂಡಿನೋವಿರುವ ಹಿರಿಯರೊಬ್ಬರನ್ನು ಸಾಗಿಸುವುದು ಎಷ್ಟು ಕಷ್ಟವೆಂಬುದನ್ನು ಸಾಲ್ಬುಡದಂತಹ ಊರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಪ್ರತಿ ಮನೆಯ ಅಪಾಯ ಒಂದೇ ಅಲ್ಲ. ಹೊಳೆದಂಡೆಯಲ್ಲಿ ನೆರೆ, ಮರವಂತೆ, ಕೋಡಿಯಂಥ ಕಡಲ ಬದಿಯಲ್ಲಿ ಅಲೆಯ ಹೊಡೆತ, ತೋಟದ ನಡುವೆ ಗಾಳಿಗೆ ಬೀಳುವ ತೆಂಗು ಮತ್ತು ಮಾವು. ಇವುಗಳಿಗಿಂತ ಕಡಿಮೆ ಗಮನ ಪಡೆದಿರುವುದು ಗುಡ್ಡ ಕುಸಿತ. ಮುರಕಲ್ಲಿನ ಗುಡ್ಡವನ್ನು ನೆಟ್ಟಗೆ ಕಡಿದು ನಿವೇಶನ ಮಾಡಿದಲ್ಲಿ, ಮೇಲಿನ ಗಟ್ಟಿ ಪದರದ ಅಡಿಯಲ್ಲಿರುವ ಮೆದು ಜೇಡಿಮಣ್ಣು ನೀರುಂಡು ಭಾರವಾಗಿ ಜಾರುತ್ತದೆ. ಬೈಂದೂರಿನ ಒತ್ತಿನೆಣೆಯಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಮಳೆಗಾಲದಲ್ಲಿ ಕುಸಿಯುವುದನ್ನು ದಾರಿಹೋಕರೆಲ್ಲ ಕಂಡಿದ್ದಾರೆ. ತಾಲೂಕಿನ ಗಡಿಯಾಚೆಯ ಭಟ್ಕಳದ ಮುಟ್ಟಳ್ಳಿಯಲ್ಲಿ 2022ರ ಆಗಸ್ಟ್ 2ರಂದು ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. ಮನೆಯ ಹಿಂದಿನ ದರೆಯಲ್ಲಿ ಹೊಸ ಬಿರುಕು, ವಾಲಿದ ಮರ, ಹಿಂದೆಂದೂ ಇಲ್ಲದ ಕಡೆ ಒಸರುವ ಕೆಸರು ನೀರು ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಅಷ್ಟು ಅನುಕೂಲವಿಲ್ಲದವರು ಕಡೇಪಕ್ಷ ದರೆಗೆ ತಾಗಿದ ಕೋಣೆಯನ್ನಾದರೂ ಬಿಟ್ಟು ಎದುರಿನ ಚಾವಡಿಯಲ್ಲಿ ಮಲಗುವುದು ಒಳ್ಳೆಯದು.

ಮನೆಯ ಸಿದ್ಧತೆ ಮನೆಯ ಮೆಟ್ಟಿಲಿಗೆ ಮುಗಿಯುವುದೂ ಇಲ್ಲ. 2022ರ ಆಗಸ್ಟ್‌ನಲ್ಲಿಯೇ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ತೋಡಿಗೆ ಅಡ್ಡಲಾಗಿ ಹಾಕಿದ ಇಂತಹ ಕಿರುಸೇತುವೆಗಳಿಗೆ ಭದ್ರವಾದ ಬದಲಿ ಒದಗಿಸುವುದು ಸರ್ಕಾರದ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಅದು ಆಗುವವರೆಗೆ, ನೀರು ಎಷ್ಟು ಏರಿದರೆ ಮಗು ಆ ದಾರಿಯಲ್ಲಿ ಹೋಗಬಾರದು, ಅಂದು ಅದನ್ನು ಯಾರು ಕರೆತರಬೇಕು ಎಂಬುದನ್ನು ಶಾಲೆ ಆರಂಭವಾಗುವಾಗಲೇ ಮನೆಯವರೂ ಶಿಕ್ಷಕರೂ ನಿಶ್ಚಯಿಸಿಕೊಳ್ಳಬೇಕು.

ತುರ್ತು ಚೀಲದಲ್ಲಿ ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್, ಒಣ ಬಟ್ಟೆ, ಅವಲಕ್ಕಿ ಮತ್ತು ಬೆಲ್ಲ, ಕುಡಿಯುವ ನೀರು, ಸ್ವಲ್ಪ ನಗದು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಆಧಾರ್, ಪಡಿತರ ಚೀಟಿ, ಪಹಣಿ ಮತ್ತು ಪಾಸ್‌ಬುಕ್ಕಿನ ಪ್ರತಿಗಳು ಇರಬೇಕೆಂಬುದು ಹೆಚ್ಚಿನವರಿಗೆ ಗೊತ್ತು. ಮರೆತುಹೋಗುವುದು ಔಷಧ. ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳು ಹದಿನೈದು ದಿನಗಳಿಗೆ ಸಾಲುವಷ್ಟು ಸದಾ ಇರಬೇಕು, ವೈದ್ಯರ ಚೀಟಿಯೂ ಜೊತೆಗಿರಬೇಕು. ಗಾಳಿಮಳೆಗೆ ಕಂಬ ಬಿದ್ದು ಹಲವು ದಿನ ವಿದ್ಯುತ್ ಇಲ್ಲದಾಗ ಇನ್ಸುಲಿನ್ ಕೆಟ್ಟೀತೆಂಬ ಆತಂಕ ಸಹಜ. ನೀರು ಚಿಮುಕಿಸಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು ನೆರಳಿನಲ್ಲಿರಿಸಿದರೆ ಅದನ್ನು ಕಾಪಾಡಿಕೊಳ್ಳಬಹುದು. ದೂರವಾಣಿಯ ಗೋಪುರಗಳೂ ವಿದ್ಯುತ್ತನ್ನೇ ನಂಬಿರುವುದರಿಂದ, ಬ್ಯಾಟರಿಯ ರೇಡಿಯೊ ಒಂದಿದ್ದರೆ ಮಂಗಳೂರು ಆಕಾಶವಾಣಿಯ ಮೂಲಕ ಸುದ್ದಿಯಾದರೂ ಸಿಗುತ್ತದೆ.

ಮಳೆಗಾಲದಲ್ಲಿ ಎಲ್ಲೆಡೆ ತೇವವಿರುವುದರಿಂದ ವಿದ್ಯುತ್ತಿನ ಅಪಾಯ ದೊಡ್ಡದು. ವಿದ್ಯುತ್ ಸೋರಿಕೆಯಾದ ಕ್ಷಣವೇ ಸಂಪರ್ಕ ಕಡಿಯುವ, 30 ಮಿಲಿಆಂಪಿಯರ್ ಮಟ್ಟದ ರಕ್ಷಣಾ ಸ್ವಿಚ್ ಒಂದನ್ನು ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿದರೆ ಜೀವವೇ ಉಳಿಯಬಹುದು. ಅಂಗಳಕ್ಕೆ ನೀರೇರುವ ಮೊದಲೇ ಮೈನ್ ಸ್ವಿಚ್ ಆರಿಸಬೇಕು. ತೋಟದಲ್ಲಿ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ಮೆಸ್ಕಾಂನ 1912ಕ್ಕೆ ತಿಳಿಸಬೇಕು. ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗೆ 112, ಆಂಬ್ಯುಲೆನ್ಸ್‌ಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಕಡಲಿನಲ್ಲಿ ಸಿಲುಕಿದವರಿಗಾಗಿ ಕರಾವಳಿ ಕಾವಲು ಪಡೆಯ 1554 ಈ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು, ಏಕೆಂದರೆ ಮೊಬೈಲ್ ಸತ್ತರೆ ಅದರೊಳಗಿನ ಸಂಖ್ಯೆಗಳೂ ಸಿಗುವುದಿಲ್ಲ. ಮಕ್ಕಳು ದೂರದಲ್ಲಿರುವ ಮನೆಯ ಕೀಲಿಯ ಇನ್ನೊಂದು ಪ್ರತಿ ಆಚೆಮನೆಯವರ ಬಳಿ ಇರುವುದು, ರಾತ್ರಿ ಮಳೆ ಜೋರಾದರೆ ಅವರೇ ಬಂದು ವಿಚಾರಿಸುವ ಒಪ್ಪಂದವಿರುವುದು ಯಾವ ಸಲಕರಣೆಗಿಂತಲೂ ಮಿಗಿಲು. ಹಟ್ಟಿಯ ದನಗಳ ಹಗ್ಗ ಬಿಚ್ಚುವವರು ಯಾರೆಂಬುದೂ ಆ ಒಪ್ಪಂದದಲ್ಲಿ ಸೇರಿರಬೇಕು. ಕಟ್ಟಿದ ದನಕ್ಕೆ ನೆರೆಯಲ್ಲಿ ಈಜಿ ಪಾರಾಗುವ ಅವಕಾಶವೇ ಇಲ್ಲ.

ನೀರು ಇಳಿದ ಮೇಲಿನ ವಾರವೂ ವಿಪತ್ತಿನದೇ ಭಾಗ. ಕೆಸರು ತೊಳೆಯುವ ಮೊದಲು, ನೀರು ನಿಂತ ಗುರುತಿನ ಸಮೇತ ಹಾನಿಯ ಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿದರೆ ಪರಿಹಾರದ ಮಹಜರು ಸುಲಭವಾಗುತ್ತದೆ. ಬರಿಗಾಲಿನಲ್ಲಿ ಕೆಸರಿಗೆ ಇಳಿಯುವವರನ್ನು ಕಾಡುವುದು ಇಲಿಜ್ವರ, ಅಂದರೆ ಇಲಿಯ ಮೂತ್ರದ ಮೂಲಕ ನೀರು ಸೇರಿ, ಕಾಲಿನ ಗಾಯ ಬಿರುಕುಗಳಿಂದ ಮೈಸೇರುವ ರೋಗಾಣುವಿನ ಜ್ವರ. ಗದ್ದೆ ತೋಟಗಳಲ್ಲಿ ದುಡಿಯುವವರು ಮೊಣಕಾಲವರೆಗಿನ ಬೂಟು ಧರಿಸಬೇಕು, ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು, ಜ್ವರ ಬಂದರೆ ಎರಡನೆಯ ದಿನಕ್ಕೆ ಕಾಯಬಾರದು.

ಕೊನೆಯದಾಗಿ ಬಾವಿ. ಮೂರು ಮೀಟರ್ ಅಗಲ, ಮೂರು ಮೀಟರ್ ನೀರಿರುವ ದುಂಡು ಬಾವಿಯಲ್ಲಿ ಸುಮಾರು 21,000 ಲೀಟರ್ ನೀರಿರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಅದಕ್ಕೆ ಬೇಕಾಗುವ ಒಳ್ಳೆಯ ಬ್ಲೀಚಿಂಗ್ ಪುಡಿ ಐವತ್ತು ಗ್ರಾಂಗಿಂತ ತುಸು ಹೆಚ್ಚು. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗಕಟ್ಟಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಒಂದು ಗಂಟೆ ಬಿಟ್ಟು ನೀರು ಸೇದಬೇಕು. ನೆರೆ ನುಗ್ಗಿದ ಬಾವಿಗೆ ಈ ಪ್ರಮಾಣ ಸಾಲದಿರುವುದರಿಂದ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕರನ್ನೋ ಕೇಳಿ ಹೆಚ್ಚಿಸಬೇಕು. ಕೆಸರು ನೀರು ತೆಗೆಯುವ ಉತ್ಸಾಹದಲ್ಲಿ ಪಂಪು ಹಚ್ಚಿ ಬಾವಿಯನ್ನು ಒಮ್ಮೆಗೇ ಪೂರ್ತಿ ಬರಿದು ಮಾಡಿದರೆ, ಸುತ್ತಲಿನ ನೀರುಂಡ ನೆಲದ ಒತ್ತಡಕ್ಕೆ ಬಾವಿಯ ಗೋಡೆ ಒಳಗೆ ಕುಸಿಯುವ ಅಪಾಯವಿದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆಗೆಯಬೇಕು, ಅಷ್ಟು ದಿನವೂ ಕುಡಿಯುವ ನೀರನ್ನು ಕುದಿಸಿಯೇ ಬಳಸಬೇಕು.