ಮೇಜಿನ ಮೇಲೆ ಪರದೆ, ದೂರದಲ್ಲಿ ಕಂಪ್ಯೂಟರ್



ಊರಿಗೊಂದು ದೊಡ್ಡ ಬಾವಿ ಇದ್ದರೆ ಮನೆಮನೆಗೂ ಬಾವಿ ತೋಡಬೇಕಿಲ್ಲ. ಹಗ್ಗ, ಕೊಡ ಇದ್ದರೆ ಸಾಕು. ನೂರಾರು ಸಿಬ್ಬಂದಿಯಿರುವ ದೊಡ್ಡ ಸೇವಾಸಂಸ್ಥೆಯೊಂದು ಕಚೇರಿಯ ಕಂಪ್ಯೂಟರ್‌ಗಳನ್ನು ತೆಗೆದು 'ವರ್ಚುವಲ್ ಡೆಸ್ಕ್‌ಟಾಪ್' ಅಳವಡಿಸುವುದರ ಹಿಂದಿರುವುದೂ ಇದೇ ಆಲೋಚನೆ.

ಹಾಗೆಂದರೇನು? ಸಾಮಾನ್ಯ ಕಂಪ್ಯೂಟರಿನಲ್ಲಿ ತಂತ್ರಾಂಶ, ಕಡತ, ಲೆಕ್ಕಪತ್ರ ಎಲ್ಲವೂ ಮೇಜಿನ ಬಳಿಯ ಪೆಟ್ಟಿಗೆಯೊಳಗೇ ಇರುತ್ತವೆ. ಹೊಸ ವ್ಯವಸ್ಥೆಯಲ್ಲಿ ಅವೆಲ್ಲ ದೂರದ ಸರ್ವರ್‌ನಲ್ಲಿರುತ್ತವೆ. ಮೇಜಿನ ಮೇಲಿರುವುದು ಪರದೆ, ಕೀಲಿಮಣೆ, ಮೌಸ್ ಮತ್ತು 'ಥಿನ್ ಕ್ಲೈಂಟ್' ಎಂಬ ಚಿಕ್ಕ ಸಾಧನ ಮಾತ್ರ. ನಾವು ಒತ್ತಿದ ಕೀಲಿಯ ಸಂದೇಶ ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ ಪರದೆಯ ಚಿತ್ರ ಮರಳಿ ಬರುತ್ತದೆ. ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ಹಂಚುವ ಈ ವಿದ್ಯೆಯನ್ನು ಐಬಿಎಂ ಕಂಪನಿ 1960ರ ದಶಕದಲ್ಲೇ ರೂಪಿಸಿತ್ತು.

ಇದರಿಂದ ಲಾಭವೇನು? ಮೊದಲನೆಯದಾಗಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ನ್ನು ಹೊರಲಾರದ ಹಳೆಯ ಕಂಪ್ಯೂಟರ್‌ಗೂ ಹಗುರವಾದ ಲಿನಕ್ಸ್ ಹಾಕಿ, ಅದನ್ನು ಬರೀ ಪರದೆಯಾಗಿ ದುಡಿಸಬಹುದು. ಎರಡನೆಯದಾಗಿ, ದುರಸ್ತಿ, ಪರಿಷ್ಕರಣೆಗಳನ್ನು ಒಂದೇ ಕಡೆ ಮಾಡಿದರಾಯಿತು. ಮೂರನೆಯದಾಗಿ, ಸಾಧನ ಕಳುವಾದರೂ ಕಡತಗಳು ಅದರೊಂದಿಗೆ ಹೋಗುವುದಿಲ್ಲ. 2020ರ ಲಾಕ್‌ಡೌನ್‌ನಂತಹ ಸಮಯದಲ್ಲಿ ಮನೆಯಿಂದಲೇ ಕಚೇರಿಯ ಕೆಲಸವನ್ನು ಮುಂದುವರಿಸಬಹುದು.

ಆದರೆ ಊರಿಗೆಲ್ಲ ಒಂದೇ ಬಾವಿಯಾದರೆ, ಅದು ಕೆಟ್ಟ ದಿನ ಊರೆಲ್ಲ ಬಾಯಾರಬೇಕಲ್ಲವೇ? ಇಂಟರ್‌ನೆಟ್ ನಿಂತರೆ ಕೆಲಸವೂ ನಿಲ್ಲುತ್ತದೆ. ಬಾಡಿಗೆಯ ಸೇವೆಯಾದರೆ ತಿಂಗಳ ಶುಲ್ಕ ತಪ್ಪದು. ಇದಕ್ಕಿಂತ ದೊಡ್ಡ ಅಪಾಯವೂ ಇದೆ. 2022ರ ಜನವರಿಯಲ್ಲಿ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಮಾಹಿತಿಯಿದ್ದ ಸರ್ವರ್‌ಗಳಿಗೆ ಕನ್ನ ಬಿದ್ದಿರುವುದು ಬೆಳಕಿಗೆ ಬಂತು. ಯುದ್ಧ, ವಲಸೆ, ವಿಕೋಪಗಳಲ್ಲಿ ಕುಟುಂಬದಿಂದ ಅಗಲಿದವರೂ ಸೇರಿದಂತೆ 5,15,000ಕ್ಕೂ ಹೆಚ್ಚು ಜನರ ವಿವರಗಳು ಅನ್ಯರ ಕೈಗೆ ಸಿಕ್ಕಿದವು. ಅದು ವರ್ಚುವಲ್ ಡೆಸ್ಕ್‌ಟಾಪ್‌ನಿಂದಾದ ದೋಷವಲ್ಲ; ಸಕಾಲದಲ್ಲಿ ಮುಚ್ಚದೆ ಬಿಟ್ಟ ಒಂದು ಬಿರುಕಿನಿಂದ ಕಳ್ಳರು ಒಳನುಗ್ಗಿದ್ದರು. ಎಲ್ಲವನ್ನೂ ಒಂದೆಡೆ ಇಡುವವರು ಎರಡು ಪಟ್ಟು ಎಚ್ಚರವಾಗಿರಬೇಕು ಎಂಬುದೇ ಇದರ ಪಾಠ.

ಆದ್ದರಿಂದ ಸಂಸ್ಥೆಯ ಹಿರಿಯರು ಬೆಲೆಯನ್ನಷ್ಟೇ ವಿಚಾರಿಸಿದರೆ ಸಾಲದು. ಸರ್ವರ್ ಎಲ್ಲಿದೆ? ಅದರ ಬೀಗದ ಕೈ ಯಾರ ಬಳಿ ಇದೆ? ಬೇರೆಡೆ ಪ್ರತಿ ಇದೆಯೇ? ಜಾಲ ನಿಂತ ದಿನ ಬಾಗಿಲಿಗೆ ಬಂದವರಿಗೆ ಹೇಗೆ ನೆರವಾಗುವುದು? ಹೊಸ ಪರದೆಗೆ ಅಂಜುವ ಹಿರಿಯ ಸಿಬ್ಬಂದಿಗೆ ಕಲಿಸುವವರು ಯಾರು?

ದಾನಿ ಕೊಟ್ಟ ರೂಪಾಯಿಯಂತೆಯೇ, ಕಾಣೆಯಾದ ಮಗನನ್ನು ಹುಡುಕುವ ತಾಯಿ ಬರೆಸಿದ ಹೆಸರೂ ನಮ್ಮನ್ನು ನಂಬಿ ಒಪ್ಪಿಸಿದ್ದು. ಅದನ್ನು ಪೆಟ್ಟಿಗೆಯಲ್ಲಿಡಲಿ, ಸರ್ವರ್‌ನಲ್ಲಿಡಲಿ, ಕಾಯುವ ಹೊಣೆ ಮನುಷ್ಯರದೇ.