ಎರಡನೇ ವೇಷವೆಂದರೆ ಎರಡನೆಯವನಲ್ಲ

‘ಅಸಾಧಾರಣ ಪ್ರತಿಭೆ’ ಎಂಬ ಮಾತನ್ನು ನಮ್ಮ ಸನ್ಮಾನ ಸಭೆಗಳಲ್ಲಿ ಧಾರಾಳವಾಗಿ ಹಂಚುತ್ತೇವೆ. ಶಾಲು ಹೊದ್ದವರೆಲ್ಲ ಅಸಾಧಾರಣರೇ. ಅದೇ ಮಾತು ಅಮೆರಿಕದ ವಲಸೆ ಕಾನೂನಿನಲ್ಲಿಯೂ ಇದೆ. ಅಲ್ಲಿ ಮಾತ್ರ ಅದಕ್ಕೆ ಕಾಗದ ತೋರಿಸಬೇಕು.

ಬಡಗುತಿಟ್ಟಿನ ಯಕ್ಷಗಾನ ಕಲಾವಿದರಾದ ನಮ್ಮ ಮಾವನನ್ನು ಅಮೆರಿಕದ ನೃತ್ಯಶಾಲೆಯೊಂದು ಕಲಿಸಲು, ಪ್ರದರ್ಶನ ಕೊಡಲು ಎರಡೂವರೆ ವರ್ಷಕ್ಕೆ ಕರೆದಿತ್ತು. ಸಾಂಪ್ರದಾಯಿಕ ಕಲೆಗಳಿಗೆಂದೇ ಪಿ-3 ಎಂಬ ವೀಸಾ ಇದೆ, ಆದರೆ ಅದು ಒಮ್ಮೆಗೆ ಒಂದೇ ವರ್ಷ. ಹಾಗಾಗಿ ಶಾಲೆಯ ವಕೀಲರು ಮೂರು ವರ್ಷದವರೆಗೆ ಸಿಗಬಹುದಾದ ಒ-1ಬಿ ಆಯ್ದುಕೊಂಡರು. ಇದಕ್ಕೆ ಕಲಾವಿದ ತಾನೇ ಅರ್ಜಿ ಹಾಕುವಂತಿಲ್ಲ. ಅಲ್ಲಿನ ಉದ್ಯೋಗದಾತರೋ ಏಜೆಂಟರೋ ಹಾಕಬೇಕು. ಅಲ್ಲಿನ ಕಲಾವಿದರ ಸಂಘಟನೆಯೊಂದರ ಅಭಿಪ್ರಾಯಪತ್ರವೂ ಜೊತೆಗಿರಬೇಕು.

ಆಸ್ಕರ್, ಗ್ರ್ಯಾಮಿಯಂಥ ದೊಡ್ಡ ಪ್ರಶಸ್ತಿ ಇದ್ದವರ ದಾರಿ ಸಲೀಸು. ಇಲ್ಲದವರು ಆರು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ಪೂರೈಸಬೇಕು: ಹೆಸರಾಂತ ಪ್ರದರ್ಶನಗಳಲ್ಲಿ ಮುಖ್ಯ ಪಾತ್ರ, ಹೆಸರಾಂತ ಸಂಸ್ಥೆಯಲ್ಲಿ ಮುಖ್ಯ ಸ್ಥಾನ, ಪತ್ರಿಕಾ ವಿಮರ್ಶೆ, ದೊಡ್ಡ ಯಶಸ್ಸು, ತಜ್ಞರ ಅಥವಾ ಸರ್ಕಾರಿ ಸಂಸ್ಥೆಗಳ ಮನ್ನಣೆ, ಉಳಿದವರಿಗಿಂತ ಹೆಚ್ಚಿನ ಸಂಭಾವನೆ. ಮಾವ ಇಪ್ಪತ್ತಾರು ತಿರುಗಾಟ ಮಾಡಿದವರು. ಇದೇನು ಕಷ್ಟ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡೆವು.

ಮೂರನೇ ತಿಂಗಳಲ್ಲಿ ‘ಇನ್ನಷ್ಟು ಪುರಾವೆ ಕೊಡಿ’ ಎಂಬ ನೋಟಿಸು ಬಂತು. ಇಂಥ ನೋಟಿಸಿಗೆ ಉತ್ತರಿಸಲು ಹೆಚ್ಚೆಂದರೆ 84 ದಿನ. ಅಧಿಕಾರಿಯ ತಕರಾರು ಸರಳವಾಗಿತ್ತು: ದಾಖಲೆಗಳ ಪ್ರಕಾರ ಈ ಕಲಾವಿದ ಮೇಳದಲ್ಲಿ ‘ಸೆಕೆಂಡ್ ರೋಲ್’ ಮಾಡುವವರು, ಮುಖ್ಯ ಪಾತ್ರ ಎಲ್ಲಿದೆ?

ಕರಾವಳಿಯವರಿಗೆ ನಗು ಬರಬಹುದು. ನನಗೆ ಆ ದಿನ ಬರಲಿಲ್ಲ. ಬಡಗುತಿಟ್ಟಿನಲ್ಲಿ ಮೊದಲನೇ ವೇಷವೆಂದರೆ ಭಾಗವತರು. ವೇಷ ಕಟ್ಟದಿದ್ದರೂ ಇಡೀ ರಂಗವನ್ನು ನಡೆಸುವವರು ಅವರೇ ಆದ್ದರಿಂದ ಆ ಗೌರವ. ಹಾಗಾಗಿ ಬಣ್ಣ ಹಚ್ಚಿ ಕುಣಿಯುವವರಲ್ಲಿ ಮುಖ್ಯನಾದವನು ‘ಎರಡನೇ ವೇಷಧಾರಿ’. ಅನುವಾದಕ್ಕೆ ಕೊಟ್ಟಿದ್ದ ಸಂಸ್ಥೆಯವರು ಕರಪತ್ರ, ಪತ್ರಿಕಾ ತುಣುಕು, ಸನ್ಮಾನಪತ್ರ ಎಲ್ಲದರಲ್ಲೂ ಈ ಪದವನ್ನು ಅಕ್ಷರಶಃ ಇಂಗ್ಲಿಷಿಗೆ ಇಳಿಸಿಬಿಟ್ಟಿದ್ದರು. ಪುಟಕ್ಕೆ ಇಷ್ಟು ಎಂದು ಹಣ ಕೊಟ್ಟು ಮಾವನನ್ನು ನಾವೇ ಎರಡನೆಯ ಸಾಲಿಗೆ ತಳ್ಳಿಸಿದಂತಾಗಿತ್ತು.

ಇಂಗ್ಲಿಷ್ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ನನ್ನ ಮುಂದೆ ಆ ಪೆಟ್ಟಿಗೆ ಬಂದು ಕೂತಿತು. ನಿಯಮದ ಪ್ರಕಾರ ಬೇರೆ ಭಾಷೆಯ ದಾಖಲೆಗೆ ಪೂರ್ಣ ಇಂಗ್ಲಿಷ್ ಅನುವಾದವಿರಬೇಕು. ಇದು ಪೂರ್ಣವಾಗಿದೆ, ನಿಖರವಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಬೇಕು. ಇಷ್ಟವಾದ ಸಾಲು ಮಾತ್ರ ಆರಿಸಿ ಕೊಡುವಂತಿಲ್ಲ. ‘ಆಟದ ಬಳಿಕ ಅನ್ನಸಂತರ್ಪಣೆ ಇದೆ’ ಎಂಬುದನ್ನೂ ಇಂಗ್ಲಿಷಿಗೆ ತಂದೆ. ‘ಎರಡನೇ ವೇಷ’ವನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಅರ್ಥ ಬರೆದು, ಆ ಅರ್ಥಕ್ಕೆ ಆಧಾರವಾಗಿ ಬೇರೆ ಮೇಳದ ಭಾಗವತರೊಬ್ಬರ ಪತ್ರ ಜೋಡಿಸಿದೆವು. ಕಲೆಯ ಹಿನ್ನೆಲೆ ತಿಳಿಸಲು ಅಮೆರಿಕದ ವಿದ್ವಾಂಸೆ ಮಾರ್ತಾ ಆಷ್ಟನ್ ಮತ್ತು ಬ್ರೂಸ್ ಕ್ರಿಸ್ಟಿ ಯಕ್ಷಗಾನದ ಬಗ್ಗೆ 1977ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕ ನೆರವಿಗೆ ಬಂತು.

ಪತ್ರಿಕಾ ತುಣುಕುಗಳದ್ದು ಬೇರೆಯೇ ಪಾಡು. ಅತ್ತೆ ಮೂವತ್ತೇಳು ತುಣುಕು ಕತ್ತರಿಸಿ ಇಟ್ಟಿದ್ದರು. ಎಲ್ಲದರಲ್ಲೂ ಮಾವನ ಚಿತ್ರ ಚಂದವಾಗಿ ಬಂದಿತ್ತು. ಪತ್ರಿಕೆಯ ಹೆಸರು, ದಿನಾಂಕ ಮಾತ್ರ ಕತ್ತರಿಯ ಆಚೆ ಉಳಿದಿದ್ದವು. ಹಳೆಯ ಸಂಚಿಕೆಗಳ ಕಟ್ಟು ಬಿಚ್ಚುತ್ತಾ ಒಂಬತ್ತು ದಿನ ಧೂಳು ಕುಡಿದೆ. ಹನ್ನೊಂದಕ್ಕೆ ದಿನಾಂಕ ಸಿಕ್ಕಿತು.

ಇನ್ನು ಯಶಸ್ಸಿನ ಪುರಾವೆ. ಟಿಕೆಟ್ ಎಷ್ಟು ಮಾರಾಟವಾಯಿತು ಎಂದು ವಕೀಲರು ಕೇಳಿದರು. ಹರಕೆಯಾಟಕ್ಕೆ ಟಿಕೆಟ್ ಎಲ್ಲಿಯದು? ಆದರೆ ಮಂದಾರ್ತಿಯಂಥ ಕ್ಷೇತ್ರದ ಮೇಳದ ಆಟ ಆಡಿಸಲು ವರ್ಷಗಟ್ಟಲೆ ಕಾಯುವವರಿದ್ದಾರೆ. ಅದನ್ನು ವಿವರಿಸಿದಾಗ ವಕೀಲರ ದನಿ ಬದಲಾಯಿತು. ಮಾನದಂಡಗಳು ಒಂದು ಕಲೆಗೆ ಸುಲಭವಾಗಿ ಹೊಂದದಿದ್ದರೆ ಅವಕ್ಕೆ ಸಮನಾದ ಪುರಾವೆ ಕೊಡಲು ಕಾನೂನಿನಲ್ಲಿ ಅವಕಾಶವಿದೆಯಂತೆ. ಮಾವನ ಮೇಳದ ಯಜಮಾನರು ಆಟ ಬರೆದುಕೊಳ್ಳುವ ಪುಸ್ತಕದ ಪ್ರತಿ ಕೊಟ್ಟರು. ಸಂಭಾವನೆಯ ಮಾನದಂಡವನ್ನು ಮುಟ್ಟಲೇ ಇಲ್ಲ. ಆ ಅಂಕಿ ಡಾಲರಿಗೆ ಪರಿವರ್ತಿಸಿದರೆ ಅರ್ಜಿಗೇ ಅವಮಾನ.

ಎಲ್ಲಕ್ಕಿಂತ ಕಷ್ಟವಾದದ್ದು ಮಾವನನ್ನು ಒಪ್ಪಿಸುವುದು. ಶಿಫಾರಸು ಪತ್ರದ ಕರಡಿನಲ್ಲಿ ‘ಈ ಪೀಳಿಗೆಯ ಪ್ರಮುಖ ಕಲಾವಿದರಲ್ಲಿ ಒಬ್ಬರು’ ಎಂಬ ಸಾಲು ಕಂಡು ಅವರು ಕಾಗದವನ್ನೇ ಪಕ್ಕಕ್ಕೆ ಸರಿಸಿದರು.

‘ಎಂತ ಮಾರಾಯ್ತಿ ಇದು? ಚಿಟ್ಟಾಣಿಯವರು ಕುಣಿದ ರಂಗ. ನಾನು ಹೀಗೆಲ್ಲ ಬರೆಸಿಕೊಂಡ್ರೆ ಮೇಳದವರಿಗೆ ಮುಖ ತೋರಿಸುದು ಹೇಗೆ?’

2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಜೊತೆ ಯಾರೂ ಹೋಲಿಸುತ್ತಿಲ್ಲ ಎಂದರೂ ಕೇಳಲಿಲ್ಲ. ವಿಜ್ಞಾನ, ವ್ಯಾಪಾರದವರಿಗೆ ಆ ಕಾನೂನು ತುತ್ತತುದಿಯ ಕೆಲವೇ ಮಂದಿಯಲ್ಲಿ ಒಬ್ಬರಾಗಿರಬೇಕು ಎನ್ನುತ್ತದೆ. ಕಲೆಗೆ ಅಷ್ಟು ಕೇಳುವುದಿಲ್ಲ, ಸಾಮಾನ್ಯರಿಗಿಂತ ಸಾಕಷ್ಟು ಮೇಲಿನ, ತಮ್ಮ ಕ್ಷೇತ್ರದಲ್ಲಿ ಹೆಸರು ಗಳಿಸಿದವರಾಗಿದ್ದರೆ ಸಾಕು. ಇದನ್ನು ಬಿಡಿಸಿ ಹೇಳಿದ ಮೇಲೆ, ‘ಹೆಸರುಂಟು ಅಂತ ಬೇಕಾದ್ರೆ ಬರಿ’ ಎಂದರು. ನನಗೆ ಅವರ ಸಂಕೋಚ ಇಷ್ಟ. ಆದರೆ ನಮ್ಮಲ್ಲಿ ಎಷ್ಟೋ ಕಲಾವಿದರ ಬದುಕು ಒಂದು ಒಪ್ಪಂದಪತ್ರವೂ ಇಲ್ಲದೆ ಮುಗಿಯುವುದಕ್ಕೆ ಈ ಸಂಕೋಚದ ಪಾಲೂ ಇದೆ. ಮೇಳದಲ್ಲಿಯೋ ನಾಟಕ ತಂಡದಲ್ಲಿಯೋ ಈಗಷ್ಟೇ ಕಾಲಿಟ್ಟಿರುವ ನನ್ನ ವಯಸ್ಸಿನವರು ಕರಪತ್ರವನ್ನಾದರೂ ತಾರೀಖಿನ ಸಮೇತ ಎತ್ತಿಡಿ.

71ನೇ ದಿನ ಉತ್ತರ ಕಳಿಸಿದೆವು. ಎರಡು ವಾರದಲ್ಲಿ ಅರ್ಜಿ ಮಂಜೂರಾಯಿತು. ಅರ್ಜಿ ಒಪ್ಪಿಗೆಯಾದರೂ ವೀಸಾ ಬೇರೆ ಮಾತು. ಅದಕ್ಕೆ ಚೆನ್ನೈಗೆ ಹೋಗಿ ಸಂದರ್ಶನ ಕೊಡಬೇಕಿತ್ತು, ಅದೂ ಆಯಿತು. ನನಗೆ ಈ ನಡುವೆ ಮದ್ದಳೆಗಾರರೊಬ್ಬರ ಮನೆಯಿಂದ ಫೋನ್ ಬಂದಿದೆ. ಪುಟಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದಾರೆ.